ಗಾಜನೂರಿನ ಗಾಳಿ, ಉಡಿಗಾಲದ ಹುಳಿ!

ಚಿತ್ರಪ್ರೇಮಿಗಳಿಗೆ ಊರು ಸುತ್ತುವುದೆಂದರೆ ಊಟಿ, ಕೆಮ್ಮಣ್ಣುಗುಂಡಿ, ಜೋಗ. ಹೀರೋ ಹೀರೋಯಿನ್ನು ಕೈ ಕೈ ಹಿಡಿದು ಓಡಿದ ಜಾಗವನ್ನು ನಾವೂ ಒಮ್ಮೆ ಮೆಟ್ಟಿ, ಅದೇ ಬಂಡೆಗೆ ಒರಗಿ ಫೋಟೋ ತೆಗೆಸಿಕೊಂಡರೆ ಪ್ರವಾಸ ಮುಗಿಯಿತು. ಆದರೆ ಹಾಡು ತೆಗೆದ ಊರಿಗಿಂತ ಹಾಡಿದವನು ಹುಟ್ಟಿದ ಸೀಮೆ ದೊಡ್ಡದಲ್ಲವೇ? ಆ ಸೀಮೆ ನೋಡಬೇಕೆಂದರೆ ಮೈಸೂರಿನಲ್ಲಿ ಚಾಮರಾಜನಗರದ ಬಸ್ಸು ಹತ್ತಿ. ರೈಲೂ ಇದೆ, ಆದರೆ ಬಸ್ಸಿನ ಮಜವೇ ಬೇರೆ.

ನಂಜನಗೂಡು ಹಿಂದಾದ ಮೇಲೆ ಕಿಟಕಿಯ ಹೊರಗಿನ ಚಿತ್ರ ಬದಲಾಗುತ್ತದೆ. ಕೆಂಪು ಮಣ್ಣಿನ ಹೊಲ ಮುಗಿಯುವಷ್ಟರಲ್ಲಿ ಕರಿಮಣ್ಣಿನ ಹೊಲ. ಬೋರಿನಲ್ಲಿ ನೀರಿದ್ದ ಕಡೆ ಬಾಳೆ, ಅರಿಶಿನ, ಈರುಳ್ಳಿ. ಇಲ್ಲದ ಕಡೆ ಮಳೆಗೆ ಬಾಯಿ ಬಿಟ್ಟುಕೊಂಡು ಕೂತ ನೆಲ. ದೂರದಲ್ಲಿ ನೀಲಿಯಾಗಿ ಬಿಳಿಗಿರಿರಂಗನ ಬೆಟ್ಟದ ಸಾಲು. ರಸ್ತೆ ಬದಿಯಲ್ಲಿ ಹುಣಸೆ ಮರ, ಮತ್ತೆ ಹುಣಸೆ ಮರ, ಮತ್ತೂ ಹುಣಸೆ ಮರ! ಏಪ್ರಿಲ್ ತಿಂಗಳಾದರೆ ಮನೆ ಮನೆಯ ಜಗಲಿಯಲ್ಲಿ ಹೆಂಗಸರು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಾ ಕೂತಿರುತ್ತಾರೆ. ಹುಳಿ ಎಂಬುದು ಈ ಸೀಮೆಯ ಜನ ಪ್ಯಾಟೆಯಿಂದ ಕಲಿತ ರುಚಿಯಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚಾಮರಾಜನಗರಕ್ಕೆ ಹಿಂದಿನ ಹೆಸರು ಅರಿಕುಠಾರ. ಚಾಮರಾಜ ಒಡೆಯರು 1774ರಲ್ಲಿ ಇಲ್ಲಿ ಹುಟ್ಟಿದರು. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ನೆನಪಿಗಾಗಿ 1818ರಲ್ಲಿ ಊರಿಗೆ ಈ ಹೆಸರಿಟ್ಟು, ಚಾಮರಾಜೇಶ್ವರನ ಗುಡಿ ಕಟ್ಟಿಸಿದರು. ಎಲ್ಲಾ ಕಡೆ ಆಷಾಢದಲ್ಲಿ ಹೊಸ ಜೋಡಿಯನ್ನು ಬೇರೆ ಬೇರೆ ಮಾಡಿದರೆ, ಇಲ್ಲಿ ಆಷಾಢದ ತೇರಿಗೆ ಹೊಸ ಜೋಡಿಗಳೇ ಸಾಲುಗಟ್ಟಿ ಬಂದು ಹಣ್ಣು-ಜವನ ಎಸೆಯುತ್ತವೆ! 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಇದೇ ಒಂದು ಜಿಲ್ಲೆಯಾಯಿತು. ಇಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂಬ ಪುಕಾರು ಎಷ್ಟೋ ವರ್ಷ ಓಡಿತು. 2013ರಲ್ಲಿ ಸಿದ್ದರಾಮಯ್ಯನವರು ಬಂದರು, ಮತ್ತೆ ಮತ್ತೆ ಬಂದರು, ಐದು ವರ್ಷ ಪೂರ್ತಿ ಕುರ್ಚಿಯಲ್ಲೇ ಇದ್ದರು. ಪುಕಾರಿನ ರೀಲು ಅಲ್ಲಿಗೆ ಕಟ್ಟಾಯಿತು.

ಅಭಿಮಾನಿಗಳಿಗೆ ಬೇಕಾದ ಊರು ಇನ್ನೂ ಆಚೆಗಿದೆ. ಚಾಮರಾಜನಗರದಿಂದ ತೆಂಕಲಿಗೆ ಗಡಿ ದಾಟಿದರೆ ತಾಳವಾಡಿ ಸೀಮೆ. ಆಡಳಿತ ತಮಿಳುನಾಡಿನ ಈರೋಡ್ ಜಿಲ್ಲೆಯದು, ಬೀದಿಯಲ್ಲಿ ಕಿವಿಗೆ ಬೀಳುವುದು ಕನ್ನಡ. ಅಲ್ಲಿನ ಗಾಜನೂರಿನಲ್ಲಿ 1929ರ ಏಪ್ರಿಲ್ 24ರಂದು ಮುತ್ತುರಾಜ ಎಂಬ ಕೂಸು ಹುಟ್ಟಿತು. 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ಬೆಳ್ಳಿತೆರೆಗೆ ಬಂದು ರಾಜ್‌ಕುಮಾರ್ ಆಯಿತು. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಎತ್ತಿಕೊಂಡು ಹೋದದ್ದೂ ಅದೇ ಊರಿನ ಮನೆಯಿಂದ. 108 ದಿನ ಕನ್ನಡನಾಡು ಅನ್ನ ನೀರು ಸೇರದಂತೆ ಕಾಯಿತು. ಇದೆಲ್ಲ ನಿಮಗೆ ಗೊತ್ತಿರುವ ಕಥೆ. ನಾನು ಹೇಳಹೊರಟಿದ್ದು ಇನ್ನೊಂದು. ಅಷ್ಟು ಚಿತ್ರಗಳಲ್ಲಿ ನಟಿಸಿಯೂ, ತೆರೆಯ ಮೇಲೆ ಸಿಗರೇಟು ಹಚ್ಚದ, ಹೆಂಡ ಮುಟ್ಟದ ನಾಯಕ ಎಂಬ ಹೆಸರನ್ನು ಕೊನೆಯವರೆಗೂ ಉಳಿಸಿಕೊಂಡ ನಟ ಅವರು. ಹಾಗಿದ್ದರೆ ಅವರ ಹುಟ್ಟುಹಬ್ಬದ ಸಂಜೆ ಅವರ ಅಭಿಮಾನಿಗಳು ಏನು ಕುಡಿಯಬೇಕು?

ಈ ಪ್ರಶ್ನೆ ನನ್ನದಲ್ಲ. ಉಡಿಗಾಲದ ಒಂದು ಜಗಲಿಯ ಮೇಲೆ ಕಳೆದ ಏಪ್ರಿಲ್ 24ರ ಸಂಜೆ ಎದ್ದ ಪ್ರಶ್ನೆ.

ಬೆಳಿಗ್ಗೆ ಪಾನಕ, ಸಂಜೆ ಪ್ರೋಗ್ರಾಂ

ಚಾಮರಾಜನಗರ-ಗುಂಡ್ಲುಪೇಟೆ ಸೀಮೆಯ ಉಡಿಗಾಲ ಪ್ರವಾಸಿಗಳು ಇಳಿಯುವ ಊರಲ್ಲ. ಗೋಪಾಲಸ್ವಾಮಿ ಬೆಟ್ಟ, ಬಂಡೀಪುರ ಎಂದು ಹೊರಟವರು ಇತ್ತ ತಿರುಗುವುದೇ ಇಲ್ಲ. ನಾನು ಇಳಿದದ್ದು ಗೆಳೆಯನೊಬ್ಬ ಕರೆದ ಎಂದು. ಇವನು ಮೈಸೂರಿನ ಒಂದು ಬಾರಿನಲ್ಲಿ ಕೆಲಸಕ್ಕಿದ್ದಾನೆ. ಮೇಜು ಒರೆಸುವ ಹುಡುಗನಾಗಿ ಸೇರಿ, ಆರು ವರ್ಷದಲ್ಲಿ ಕೌಂಟರಿನ ಹಿಂದೆ ನಿಂತು ಕಾಕ್‌ಟೇಲ್ ಬೆರೆಸುವಷ್ಟಕ್ಕೆ ಬಂದಿದ್ದಾನೆ. ಕಪ್ಪು ಏಪ್ರನ್ನು ಕಟ್ಟಿಕೊಂಡು, ಸ್ಟೀಲ್ ಡಬ್ಬಿಯನ್ನು ಕಿವಿಯ ಪಕ್ಕ ಎತ್ತಿ ಕುಲುಕುವ ಅವನ ಸ್ಟೈಲು ನೋಡಬೇಕು, ಯಾವ ಫೈಟ್ ಮಾಸ್ಟರೂ ಹೇಳಿಕೊಟ್ಟದ್ದಲ್ಲ!

ಅಂದು ಬೆಳಿಗ್ಗೆ ಊರಿನ ಹುಡುಗರು ಅಣ್ಣಾವ್ರ ಫೋಟೋಕ್ಕೆ ಹಾರ ಹಾಕಿ, ಪಕ್ಕದಲ್ಲಿ ಅಪ್ಪು ಫೋಟೋ ಇಟ್ಟು, ಹಾದು ಹೋಗುವವರಿಗೆಲ್ಲ ಪಾನಕ, ನೀರುಮಜ್ಜಿಗೆ ಹಂಚಿದರು. ಮುದುಕರು, ಶಾಲೆ ಮಕ್ಕಳು, ಬಸ್ಸಿನ ಡ್ರೈವರು ಎಲ್ಲರಿಗೂ ಲೋಟ ಲೋಟ. ನೋಡಿ ಹೊಟ್ಟೆ ತಣ್ಣಗಾಯಿತು. ಆದರೆ ಮಧ್ಯಾಹ್ನದ ಹೊತ್ತಿಗೆ ಪಿಸುಮಾತು ಶುರುವಾಯಿತು. ಸಂಜೆಯ 'ಪ್ರೋಗ್ರಾಂ' ಬೇರೆ ಇತ್ತು. ತಲೆಗೆ ಇನ್ನೂರು ರೂಪಾಯಿ ಲೆಕ್ಕ, ಹದಿನಾಲ್ಕು ಜನ.

"ಅಣ್ಣೋ, ಮೈಸೂರ್ನಲ್ಲಿ ದೊಡ್ಡ ದೊಡ್ಡೋರ್ಗ ಅದೇನೋ ಹುಳಿ ಕಾಕ್‌ಟೇಲ್ ಮಾಡ್ಕೊಡ್ತೀಯಂತಲ್ಲ... ಇವತ್ತು ನಮ್ಗೂ ಒಸಿ ಮಾಡ್ಕೊಡು. ಎಣ್ಣ ನಾವು ತತ್ತೀವಿ, ಕೈ ಮಾತ್ರ ನಿಂದು" ಎಂದು ಗೆಳೆಯನ ಬೆನ್ನು ಹತ್ತಿದರು.

ಅವನು ಸುಮ್ಮನೆ ನಿಂತ. ಆಮೇಲೆ ಹೇಳಿದ: "ಮಾಡ್ತೀನಿ ಕನ್ರಪ್ಪ. ನಮ್ಮನ ಜಗ್ಲಿ ಮೇಲೆ ಮಾಡ್ತೀನಿ. ಆದ್ರ ಬಾಟ್ಲಿ ಹೊಸ್ಲು ದಾಟಂಗಿಲ್ಲ."

ಹುಡುಗರು ಮುಖ ಮುಖ ನೋಡಿಕೊಂಡರು. ಬಾಟಲಿಯಿಲ್ಲದ ಕಾಕ್‌ಟೇಲು? ಅದು ಹೀರೋ ಇಲ್ಲದ ಸಿನಿಮಾ ಅಲ್ಲವೇ?

ಆನೆ ನುಂಗಿದ ಬೇಲದ ಹಣ್ಣು

ಬಾಟಲಿ ಯಾಕೆ ಹೊಸಲು ದಾಟುವುದಿಲ್ಲ ಎಂಬುದು ಆ ಊರಿನಲ್ಲಿ ಎಲ್ಲರಿಗೂ ಗೊತ್ತು. ನನಗೆ ಗೊತ್ತಾದದ್ದು ಅವನ ಅವ್ವನ ಬಾಯಲ್ಲಿ. ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ನಾನು ಎದುರಿಗೆ ಕೂತು ಒಂದೊಂದೇ ಬೀಜ ತೆಗೆದುಕೊಟ್ಟೆ. ಮಾತು ತಾನಾಗಿ ಬಂತು.

ಆ ಮನೆಯ ಯಜಮಾನ ಒಳ್ಳೆಯ ದುಡಿಮೆಗಾರ. ಎತ್ತಿನ ಗಾಡಿ ಹೊಡೆಯುವುದರಲ್ಲಿ ಸುತ್ತ ನಾಲ್ಕೂರಿಗೆ ಹೆಸರು. ಪ್ಯಾಕೆಟ್ ಸಾರಾಯಿಯ ಕಾಲ ಅದು. ಸಂತೆಯಿಂದ ಬರುವಾಗ ಒಂದು ಪ್ಯಾಕೆಟ್ಟಿನಿಂದ ಶುರುವಾದದ್ದು ಎತ್ತು ತಿಂದಿತು, ಗಾಡಿ ತಿಂದಿತು, ಒಂದೂವರೆ ಎಕರೆ ತಿಂದಿತು.

"ಅಣ್ಣಾವ್ರು ಅಂದ್ರ ಪ್ರಾಣ ಬುಡೋರು ಮಗ ನಮ್ಮ ಯಜಮಾನ್ರು" ಎಂದರು ಅವ್ವ. "ಕುಡಿಬ್ಯಾಡಿ ಅಂತ ಅಣ್ಣಾವ್ರು ಒಂದು ಪಿಚ್ಚರ್ ಮಾಡಿದ್ರಲ್ಲ, ಅದ್ಕ ನನ್ನೂ ಕರ್ಕಂಡು ಹೋಗಿದ್ರು. ಕೂತಿದ್ದ ಜಾಗ್ದಲ್ಲೇ ಅತ್ರು. ಮನಗ ಬಂದು ನನ್ ತಲ ಮುಟ್ಟಿ ಆಣ ಮಾಡಿದ್ರು. ಮೂರು ದಿನ ಮುಟ್ನಿಲ್ಲ ಕನಾ. ನಾಕ್ನೇ ದಿನ ಸಂತ ಬಂತು..."

ಆ ಚಿತ್ರ 1992ರ 'ಜೀವನ ಚೈತ್ರ'. ಮೂರು ವರ್ಷ ತೆರೆಯಿಂದ ದೂರವಿದ್ದು ಅಣ್ಣಾವ್ರು ಮರಳಿ ಬಂದ ಚಿತ್ರ. ಊರಿಗೆ ನುಗ್ಗಿದ ಹೆಂಡದ ವಿರುದ್ಧ ನಿಲ್ಲುವ ಹಿರಿಯನ ಪಾತ್ರ. ಅದರ ಒಂದು ಹಾಡಿಗೆ ಅವರಿಗೆ ಅತ್ಯುತ್ತಮ ಗಾಯಕ ಎಂಬ ರಾಷ್ಟ್ರಪ್ರಶಸ್ತಿಯೂ ಬಂತು. ಚಿತ್ರ ನೋಡಿ ಕೆಲವು ಹಳ್ಳಿಗಳಲ್ಲಿ ಜನ ಸಾರಾಯಿ ಅಂಗಡಿಗಳ ವಿರುದ್ಧ ತಿರುಗಿಬಿದ್ದರೆಂದು ಆಗ ದೊಡ್ಡ ಸುದ್ದಿ. ನಾವು ಸಿನಿಮಾ ಪತ್ರಿಕೆಯವರು ಅದನ್ನು ಹೆಮ್ಮೆಯಿಂದ ಬರೆಯುತ್ತೇವೆ, ಬರೆಯಬೇಕಾದದ್ದೇ. ಆದರೆ ಅತ್ತು, ಆಣೆ ಮಾಡಿ, ನಾಲ್ಕನೇ ದಿನ ಮತ್ತೆ ಹೋದವನ ಲೆಕ್ಕವನ್ನು ನಾವು ಬರೆದಿಲ್ಲ. ಅದನ್ನು ಆ ಅವ್ವ ಬರೆದಿಟ್ಟುಕೊಂಡಿದ್ದಾರೆ.

"ಅಣ್ಣಾವ್ರು ಹೋದ ವರ್ಷವೇ ಇವ್ರೂ ಹೋದ್ರು. ಇವ್ನಿಗ ಆಗ ಒಂಬತ್ತು ವರ್ಷ" ಎಂದರು. ಅಣ್ಣಾವ್ರು ತೀರಿಕೊಂಡದ್ದು 2006ರ ಏಪ್ರಿಲ್ 12. ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತದ್ದು 2007ರ ಜುಲೈ 1ರಿಂದ. ಆ ಮನೆಯ ಮಟ್ಟಿಗೆ ಸರ್ಕಾರದ ಆಜ್ಞೆ ಒಂದು ವರ್ಷ ತಡವಾಗಿ ಬಂತು.

ಅವ್ವ ಎದ್ದು ಹೋಗಿ ಮೂಲೆಯ ಬುಟ್ಟಿಯಿಂದ ಒಂದು ಬೇಲದ ಹಣ್ಣು ತಂದರು. ಬೇಲ ಗೊತ್ತಲ್ಲ? ಕ್ರಿಕೆಟ್ ಚೆಂಡಿನ ಗಾತ್ರ, ಬೂದಿ ಬಣ್ಣದ ಗಟ್ಟಿ ಓಡು, ಒಳಗೆ ಕಂದು ತಿರುಳು. ಗಣಪತಿಗೆ ಪ್ರಿಯ, ಆನೆಗೂ ಪ್ರಿಯ. "ಆನ ನುಂಗಿದ ಬೇಲದ ಹಣ್ಣು ಅಂತಾರಲ್ಲ ಮಗ, ಹಂಗಾಗೋಗಿದ್ರು" ಎಂದರು. ಆನೆ ಬೇಲವನ್ನು ಇಡಿಯಾಗಿ ನುಂಗುತ್ತದಂತೆ. ಲದ್ದಿಯಲ್ಲಿ ಅದೇ ಹಣ್ಣು ಇಡಿಯಾಗಿ ಬೀಳುತ್ತದಂತೆ, ಓಡು ಒಡೆದಿರುವುದಿಲ್ಲ, ಒಳಗೆ ತಿರುಳು ಮಾತ್ರ ಇರುವುದಿಲ್ಲ. ಮನುಷ್ಯನೂ ಹಾಗೆ. ಮೀಸೆ ಇದೆ, ಶರಟು ಇದೆ, ಹೊರಗೆ ಎಲ್ಲಾ ಸರಿ. ಒಳಗೆ ಖಾಲಿ.

ಅಪ್ಪನನ್ನು ಹೀಗೆ ಕಳೆದುಕೊಂಡವನು ಬಾರಿನಲ್ಲೇ ಯಾಕೆ ಕೆಲಸ ಮಾಡುತ್ತಾನೆ ಎಂದು ನೀವು ಕೇಳಬಹುದು. ನಾನೂ ಕೇಳಿದೆ. "ಸಂಬ್ಳ ಬರ್ತದ ಮಾರಾಯ. ಅವ್ವನ ಕಣ್ ಆಪರೇಷನ್ನು, ತಂಗಿ ಮದ್ವೆ ಎರಡೂ ಆ ಕೌಂಟರಿಂದ್ಲೇ ಆದ್ವು" ಎಂದ. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಐದರಲ್ಲಿ ನಾಲ್ಕು ನಮ್ಮದೇ!

ಈಗ ಆ 'ಹುಳಿ ಕಾಕ್‌ಟೇಲ್' ವಿಷಯಕ್ಕೆ ಬರೋಣ. ಬಾರಿನಲ್ಲಿ ಅದಕ್ಕೆ ಸೋರ್ ಎನ್ನುತ್ತಾರೆ. ವಿಸ್ಕಿ ಹಾಕಿದರೆ ವಿಸ್ಕಿ ಸೋರ್, ಜಿನ್ ಹಾಕಿದರೆ ಜಿನ್ ಸೋರ್. ಲೆಕ್ಕ ಬಹಳ ಸರಳ. ಎರಡು ಪಾಲು ಮದ್ಯ, ಒಂದು ಪಾಲು ನಿಂಬೆರಸ, ಒಂದು ಪಾಲಿಗೆ ತುಸು ಕಡಿಮೆ ಸಕ್ಕರೆ ಪಾಕ, ಮಂಜುಗಡ್ಡೆ ಹಾಕಿ ಚೆನ್ನಾಗಿ ಕುಲುಕುವುದು. ಮೇಲೆ ನೊರೆ ಬರಲಿ ಎಂದು ಕೆಲವರು ಮೊಟ್ಟೆಯ ಬಿಳಿ ಹಾಕುತ್ತಾರೆ. ಅಮೆರಿಕದ ಜೆರ್ರಿ ಥಾಮಸ್ ಎಂಬ ಬಾರ್ ಕೆಲಸಗಾರ 1862ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲೇ ಸೋರ್ ಮಾಡುವ ಅಳತೆಗಳಿವೆ.

ಅದಕ್ಕೂ ಹಿಂದಿನ ಕಥೆ ಇನ್ನೂ ಸ್ವಾರಸ್ಯ. 1600ರ ದಶಕಗಳಲ್ಲಿ ನಮ್ಮ ಕರಾವಳಿಗೆ ವ್ಯಾಪಾರಕ್ಕೆ ಬಂದ ಇಂಗ್ಲಿಷರು ಇಲ್ಲಿ ಒಂದು ಪಾನೀಯ ಹಿಡಿದರು. ಹೆಸರು ಪಂಚ್. ನಮ್ಮ 'ಪಂಚ'ದಿಂದಲೇ ಆ ಹೆಸರು ಎಂಬುದು ಬಹುಕಾಲದಿಂದ ನಡೆದು ಬಂದ ವಿವರಣೆ. ಐದು ಪದಾರ್ಥ ಯಾವುವು? ಸಾರಾಯಿ, ಸಕ್ಕರೆ, ನಿಂಬೆ, ನೀರು, ಸಾಂಬಾರ ಪದಾರ್ಥ. ಈಗ ಬೆರಳು ಮಡಚಿ ಎಣಿಸಿ. ಐದರಲ್ಲಿ ಸಾರಾಯಿ ಒಂದನ್ನು ಬಿಟ್ಟರೆ ಉಳಿದ ನಾಲ್ಕು ಏನು? ಬೆಳಿಗ್ಗೆ ಉಡಿಗಾಲದ ಹುಡುಗರು ಬಸ್ ಡ್ರೈವರಿಗೆ ಕೊಟ್ಟ ಪಾನಕವೇ ಅಲ್ಲವೇ! ನಮ್ಮ ಪಾನಕದ ಬಂಧುವೇ ಹಡಗು ಹತ್ತಿ ಹೋಗಿ, ಸೂಟು ಹೊಲಿಸಿಕೊಂಡು ಬಂದು, ಮೈಸೂರಿನ ಬಾರಿನಲ್ಲಿ ದುಬಾರಿ ರೇಟು ಹಾಕಿಸಿಕೊಂಡು ಕೂತಿದೆ.

ಗೆಳೆಯನಿಗೆ ಕಷ್ಟ ಬಂದದ್ದು ಎಲ್ಲಿ ಎಂದರೆ, ಬರೀ ಪಾನಕ ಕೊಟ್ಟರೆ ಹುಡುಗರು ಒಪ್ಪುವುದಿಲ್ಲ. "ಎಣ್ಣ ಹಾಕ್ದೋರ್ಗ ಬೇಕಾಗಿರೋದು ಗಂಟಲಲ್ಲಿ ಒಂದು ಹಿಡ್ತ, ನಾಲ್ಗ ಮೇಲೆ ಒಂದು ಒಗರು. ಸಿಹಿ ನೀರು ಕೊಟ್ರ ಮಕ್ಕಳ ಸರಬತ್ತು ಅಂತಾರ" ಎಂದ. ಆ ಒಗರಿಗೆ ಅವನು ಕಂಡುಕೊಂಡ ಉಪಾಯ ಕೇಳಿ ನನಗೆ ನಗು ಬಂತು. ಚಹದ ಡಿಕಾಕ್ಷನ್!

ಚಿತ್ರಪ್ರೇಮಿಗಳೇ, ನಗುವೇಕೆ ಬಂತು ಎಂದರೆ, ಶೂಟಿಂಗ್ ಸೆಟ್ಟಿನಲ್ಲಿ ನಿಂತು ನೋಡಿದವರಿಗೆ ಇದು ಗೊತ್ತು. ತೆರೆಯ ಮೇಲೆ ವಿಲನ್ ಮಹಾಶಯ ಕಟ್‌ಗ್ಲಾಸಿನಲ್ಲಿ ತಿರುಗಿಸುತ್ತಾ ಕುಡಿಯುವ ವಿಸ್ಕಿ, ಪ್ರೀತಿ ಮುರಿದ ಹೀರೋ ಬಾಟಲಿ ಎತ್ತಿ ಗಟಗಟ ಇಳಿಸುವ ರಮ್ಮು, ಎಣ್ಣೆ ಹಾಡಿಗೆ ಕುಣಿಯುವ ನಲವತ್ತು ಜನರ ಕೈಯ ಗ್ಲಾಸು, ಇವೆಲ್ಲ ಸಾಮಾನ್ಯವಾಗಿ ಹಾಲಿಲ್ಲದ ಚಹ ಅಥವಾ ಕೋಲಾ! ಒಂದು ಶಾಟಿಗೆ ಎಂಟು ಟೇಕ್ ಆದರೆ ಎಂಟು ಗ್ಲಾಸು ಕುಡಿಯಬೇಕು. ನಿಜವಾದ ಮಾಲಾದರೆ ಸಂಜೆಗೆ ಡೈಲಾಗ್ ಹೇಳುವವರು ಯಾರು? ಹೀರೋ ಚಹ ಕುಡಿದು ಸಂಬಳ ಎಣಿಸಿಕೊಂಡು ಮನೆಗೆ ಹೋಗುತ್ತಾನೆ. ಅವನ ಸ್ಟೈಲು ನೋಡಿದ ನಾವು ಅಸಲಿ ಮಾಲು ಕುಡಿದು ಸಂಬಳ ಕಳೆದು ಮನೆಗೆ ಹೋಗುತ್ತೇವೆ. ಯಾರು ಜಾಣರು?

ಜಗಲಿಯ ಮೇಲಿನ ಬಾರು

ಸಂಜೆ ಆರಕ್ಕೆ ಹದಿನಾಲ್ಕು ಜನ ಜಗಲಿಯ ಮುಂದೆ ಸೇರಿದರು. ಕಾಕ್‌ಟೇಲ್ ಡಬ್ಬಿಗೆ ಬದಲು ಅಗಲ ಬಾಯಿಯ ಹಾರ್ಲಿಕ್ಸ್ ಬಾಟ್ಲಿ. ಗೆಳೆಯ ಬೇಲದ ಹಣ್ಣುಗಳನ್ನು ಒಂದೊಂದಾಗಿ ಗೇಣೆತ್ತರದಿಂದ ಕಲ್ಲುಚಪ್ಪಡಿಯ ಮೇಲೆ ಬೀಳಿಸಿದ. ಪುಟಿದು ಎದ್ದದ್ದನ್ನು ಪಕ್ಕಕ್ಕಿಟ್ಟ, ಅದು ಕಾಯಿ. ದಪ್ಪೆಂದು ಬಿದ್ದು ಅಲ್ಲೇ ಕೂತದ್ದು ಹಣ್ಣು. ಓಡು ಒಡೆದು ತಿರುಳು ತೆಗೆದಾಗ ಬಂದ ವಾಸನೆಗೆ ಹಿಂದೆ ನಿಂತವರೂ ಕತ್ತು ಉದ್ದ ಮಾಡಿದರು. ಹಳೆಯ ಬೆಲ್ಲ, ಹುಣಸೆ, ಮಾಗಿದ ಬಾಳೆ ಮೂರೂ ಕೂಡಿದ ಹಾಗೆ ಒಂದು ಗಂಧ. ಬಾಟಲಿಯ ಗಂಧಕ್ಕೂ ಅದಕ್ಕೂ ದೂರದ ನೆಂಟಸ್ತಿಕೆ ಇದೆ ಎಂದೇ ಅನ್ನಿಸಿತು.

ತಿರುಳು ಕಿವುಚಿ ಸೋಸಿದ. ಬೆಲ್ಲದ ನೀರು, ನಿಂಬೆರಸ, ತಣ್ಣಗಾದ ಡಿಕಾಕ್ಷನ್ನು, ಜಜ್ಜಿದ ಶುಂಠಿ, ಮೆಣಸು. ಮಂಜುಗಡ್ಡೆ ಹಾಕಿ, ಮುಚ್ಚಳ ತಿರುಗಿಸಿ, ಬಾಟ್ಲಿಯನ್ನು ಟವೆಲ್ಲಿನಲ್ಲಿ ಸುತ್ತಿ, ಕಿವಿಯ ಪಕ್ಕ ಎತ್ತಿ ಕುಲುಕಿದ ನೋಡಿ... ಹುಡುಗರು ಶಿಳ್ಳೆ ಹಾಕಿದರು. ಇಂಟ್ರೊಡಕ್ಷನ್ ಸೀನಿಗೆ ಬೀಳುವ ಶಿಳ್ಳೆ ಅದು!

ಮೊದಲ ಗ್ಲಾಸು ಅವ್ವನಿಗೆ. ಅವರು ನಾಲಿಗೆಗೆ ಮುಟ್ಟಿಸಿ, "ಏನೋ ಕಮ್ಮಿ ಅದ ಕನಾ ಮಗ" ಎಂದು ಒಳಗೆ ಹೋಗಿ ಎರಡು ಚಿಟಿಕೆ ಉಪ್ಪು ತಂದು ಉದುರಿಸಿದರು. ಈಗ ಕುಡಿದು ನೋಡಿದರೆ ಡಿಕಾಕ್ಷನ್ನಿನ ಕಹಿ ಹಿಂದೆ ಸರಿದು ಹಣ್ಣು ಮುಂದೆ ಬಂದಿತ್ತು. ಉಪ್ಪು ಕಹಿಯನ್ನು ಅಡಗಿಸುತ್ತದೆ. ಆರು ವರ್ಷದ ಬಾರ್ ವಿದ್ಯೆಗೆ ಅವ್ವ ಎರಡು ಚಿಟಿಕೆಯಲ್ಲಿ ತಿದ್ದುಪಡಿ ಹಾಕಿದರು. ಅಷ್ಟರಲ್ಲಿ ಯಾರೋ ಮಿಕ್ಕ ರಸವನ್ನು ಹಿತ್ತಾಳೆ ಕೊಳದಪ್ಪಲೆಗೆ ಸುರಿಯಲು ಹೋದರು. "ಅಯ್ಯೋ, ಕಲಾಯಿ ಹೋಗಿರೋ ಪಾತ್ರಕ್ಕ ಹುಳಿ ಹಾಕ್ತಾರಾ? ಕಿಲುಬು ಕುಡ್ದು ಸಾಯ್ತೀರಾ!" ಎಂದು ಗದರಿ ಸ್ಟೀಲ್ ಪಾತ್ರೆ ಕೊಟ್ಟರು.

ಎಲ್ಲರೂ ಮೆಚ್ಚಿ, ಎಲ್ಲರೂ ಕುಡಿತ ಬಿಟ್ಟು, ಅಣ್ಣಾವ್ರ ಫೋಟೋ ಮುಂದೆ ಪ್ರಮಾಣ ಮಾಡಿದರು ಎಂದು ಬರೆದರೆ ಅದು ಹಳೇ ಸಿನಿಮಾದ ಕ್ಲೈಮ್ಯಾಕ್ಸ್ ಆದೀತು. ನಡೆದದ್ದು ಹಾಗಲ್ಲ. ಐದು ಜನ ಒಂದೊಂದು ಗ್ಲಾಸು ಮುಗಿಸಿ, "ಚೆನ್ನಾಗದ ಅಣ್ಣ, ಆದ್ರ ಕಿಕ್ ಇಲ್ಲ" ಎಂದು ಬೈಕು ಹತ್ತಿ ವೈನ್ ಶಾಪಿನ ಕಡೆ ಹೋದರು. ಉಳಿದ ಒಂಬತ್ತು ಜನ ಎರಡನೇ ಗ್ಲಾಸು ಕೇಳಿದರು, ಮೂರನೆಯದನ್ನೂ ಕೇಳಿದರು. ಮೊಬೈಲಿನಲ್ಲಿ ಹಳೇ ಹಾಡು ಹಾಕಿಕೊಂಡು ರಾತ್ರಿ ಹತ್ತರವರೆಗೆ ಅಲ್ಲೇ ಕೂತರು.

ಅವರಲ್ಲಿ ಎಲ್ಲರಿಗಿಂತ ಚಿಕ್ಕವನು, ಇನ್ನೂ ಮೀಸೆ ಮೂಡುತ್ತಿರುವವನು, ನನ್ನ ಕಿವಿಯಲ್ಲಿ ಹೇಳಿದ ಮಾತು ಇದು: "ಅಣ್ಣ, ನಂಗ ಎಣ್ಣ ಇಷ್ಟವೇ ಇಲ್ಲ. ಕೈಲಿ ಗ್ಲಾಸ್ ಇಲ್ದಿದ್ರ ಇವ್ರು ನಗ್ತಾರ ಅಂತ ಕುಡೀತಿದ್ದೆ."

ಉಡಿಗಾಲಕ್ಕೆ ಹೋದದ್ದಕ್ಕೆ ನನಗೆ ಸಿಕ್ಕ ಲಾಭ ಈ ಒಂದು ಮಾತು. ಎಷ್ಟು ಹುಡುಗರು ಕುಡಿಯುವುದು ಕುಡಿಯಬೇಕೆಂದಲ್ಲ, ಕೈ ಖಾಲಿ ಇರಬಾರದೆಂದು! ಆ ಕೈಗೆ ಬಣ್ಣದ, ನೊರೆಯ, ಹುಳಿಯ, ಗತ್ತಿನ ಇನ್ನೊಂದು ಗ್ಲಾಸು ಕೊಟ್ಟರೆ ಅರ್ಧ ಕೆಲಸ ಆದ ಹಾಗೆ. ಅವ್ವನ ಯಜಮಾನರಂತೆ ಆಳಕ್ಕೆ ಇಳಿದವರಿಗೆ ಇದು ಮದ್ದಲ್ಲ, ಅವರಿಗೆ ಡಾಕ್ಟರೇ ಬೇಕು. ಇನ್ನೂ ದಡದಲ್ಲಿ ನಿಂತವರಿಗೆ ಮಾತ್ರ ಈ ಮಾತು.

ನೀವೂ ಮಾಡಿ ನೋಡಿ

ನಾಲ್ಕು ಗ್ಲಾಸಿಗೆ ಅಳತೆ ಕೊಡುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ. ದೊಡ್ಡ ಬೇಲದ ಹಣ್ಣು ಒಂದು, ತಿರುಳನ್ನು ಒಂದು ಲೋಟ ನೀರಿನಲ್ಲಿ ಕಿವುಚಿ ನಾರು-ಬೀಜ ಸೋಸಿ. ಬೆಲ್ಲ 100 ಗ್ರಾಂ, ಅರ್ಧ ಲೋಟ ಬಿಸಿನೀರಿನಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಿ, ಬೆಲ್ಲದಲ್ಲಿ ಮರಳಿರುತ್ತದೆ. ಕುದಿಯುವ ನೀರು ಒಂದು ಲೋಟಕ್ಕೆ ಎರಡು ಚಮಚ ಚಹಪುಡಿ ಹಾಕಿ ಮೂರು ನಿಮಿಷ ಮುಚ್ಚಿಟ್ಟು ಸೋಸಿ. ಹೆಚ್ಚು ಹೊತ್ತು ಬಿಟ್ಟರೆ ಕಹಿ ಬರುತ್ತದೆ. ಎಲ್ಲವೂ ಪೂರ್ತಿ ತಣ್ಣಗಾಗಲಿ. ನಿಂಬೆಹಣ್ಣು ಎರಡು, ಸಿಪ್ಪೆ ಜಜ್ಜಿಹೋಗುವಷ್ಟು ಹಿಂಡಬೇಡಿ. ಹೆಬ್ಬೆರಳ ತುದಿಯಷ್ಟು ಶುಂಠಿ, ಏಳೆಂಟು ಕಾಳು ಮೆಣಸು, ಎರಡು ಏಲಕ್ಕಿ ಕುಟ್ಟಿ ಹಾಕಿ. ಕೊನೆಗೆ ಅವ್ವನ ಉಪ್ಪು, ಎರಡು ಚಿಟಿಕೆ.

ಬಾಟ್ಲಿಯಲ್ಲಿ ಮುಕ್ಕಾಲು ಭಾಗ ಮಾತ್ರ ತುಂಬಿ, ಐಸು ಹಾಕಿ, ಇಪ್ಪತ್ತು ಎಣಿಸುವವರೆಗೆ ಕುಲುಕಿ. ತುಂಬಿ ತುಳುಕಿಸಿದರೆ ನೊರೆಗೆ ಜಾಗವಿರುವುದಿಲ್ಲ. ಬಿಸಿ ಇರುವಾಗ ಮುಚ್ಚಳ ಹಾಕಿ ಕುಲುಕಬೇಡಿ, ಸಿಡಿದೀತು. ಬಾಟ್ಲಿ ಇಲ್ಲವೇ? ಚಹದಂಗಡಿಯವನಂತೆ ಎರಡು ಲೋಟ ಹಿಡಿದು ಎತ್ತರದಿಂದ ಎಂಟು ಹತ್ತು ಸಲ ಸುರಿಯಿರಿ, ನೊರೆ ತಾನಾಗಿ ಬರುತ್ತದೆ. ಐಸು ಹಾಕುವ ಮೊದಲು ರುಚಿ ನೋಡಿದಾಗ ಸಿಹಿ ತುಸು ಮುಂದಿರಲಿ, ತಣ್ಣಗಾದ ಮೇಲೆ ನಾಲಿಗೆಗೆ ಸಿಹಿ ಕಡಿಮೆಯಾಗಿ ಕಾಣುತ್ತದೆ. ಒಂದು ಎಚ್ಚರಿಕೆ: ಮೀನಿನ ಪೆಟ್ಟಿಗೆಗೆ ಹಾಕುವ ಐಸು ಕುಡಿಯುವ ನೀರಿನದಲ್ಲ. ಕಾಯಿಸಿ ಆರಿಸಿದ ನೀರಿನಲ್ಲಿ ಮನೆಯ ಫ್ರಿಜ್ಜಿನಲ್ಲಿ ಮಾಡಿದ ಐಸೇ ಆಗಬೇಕು.

ಬೇಲ ಸಿಗದಿದ್ದರೆ ಬೇಸರ ಬೇಡ. ನಿಂಬೆ ಗಾತ್ರದ ಹುಣಸೆಹಣ್ಣು ನೆನೆಸಿ ಹಿಂಡಿದರೆ ಅದೂ ಆದೀತು. ಬೇಸಿಗೆಯ ಮೊದಲಲ್ಲಿ ಮಾವಿನಕಾಯಿ ಬೇಯಿಸಿ ತಿರುಳು ತೆಗೆಯಿರಿ. ಚಳಿಗಾಲಕ್ಕೆ ನೆಲ್ಲಿಕಾಯಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ತರುವ ನೆಲ್ಲಿಕಾಯಿಗೆ ಅದೇ ಕಾಡಿನ ಜೇನು ಬೆರೆಸಿದರೆ ರಾಜಭೋಗ. ಅನಾನಸ್ ರಸವಾದರೆ ಕುಲುಕಿದ ಕೂಡಲೇ ನೊರೆ ಎರಡು ಬೆರಳು ನಿಲ್ಲುತ್ತದೆ, ಮೊಟ್ಟೆಯ ಗೊಡವೆಯೇ ಬೇಡ.

ಖರ್ಚು? ಆ ರಾತ್ರಿ ಇಡೀ ಜಗಲಿಗೆ ಆದದ್ದು ಇನ್ನೂರೈವತ್ತು ರೂಪಾಯಿ. ವೈನ್ ಶಾಪಿಗೆ ಹೋದ ಐವರ ಖರ್ಚಿನ ಲೆಕ್ಕ ನಿಮಗೇ ಬಿಟ್ಟಿದ್ದೇನೆ.

ಮುಂದಿನ ಬಸ್ಸು ಗುಂಡ್ಲುಪೇಟೆಗೆ

ಮರುದಿನ ಗೆಳೆಯನೇ ಗುಂಡ್ಲುಪೇಟೆಯವರೆಗೆ ಜೊತೆಗೆ ಬಂದ. ದಾರಿಯಲ್ಲಿ ತೆರಕಣಾಂಬಿ, ಹಳೆಯ ಕೋಟೆ-ಗುಡಿಗಳ ಊರು. ಗುಂಡ್ಲುಪೇಟೆಯಿಂದ ಒಂದು ರಸ್ತೆ ಬಂಡೀಪುರದ ಮೇಲೆ ಊಟಿಗೆ, ಇನ್ನೊಂದು ವಯನಾಡಿಗೆ. ಕಾಡಿನ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ 2009ರಿಂದ ತಡೆ ಇದೆ, ಹೊರಡುವವರು ಹಗಲಿಗೇ ಹೊರಡಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ಗಾಡಿ ಬಿಡುವುದಿಲ್ಲ, ಬುಡದಿಂದ ಸರ್ಕಾರಿ ಬಸ್ಸೇ ಗತಿ. ಅಪ್ಪು ತೀರಿಕೊಂಡ ಮರುವರ್ಷ, 2022ರ ಅಕ್ಟೋಬರ್ 28ರಂದು ತೆರೆಕಂಡ 'ಗಂಧದ ಗುಡಿ' ನೋಡಿದವರಿಗೆ ಇಂಥ ಕಾಡಿನ ಅಂಚಿಗೆ ಬಂದಾಗ ಎದೆ ಒಂದು ಕ್ಷಣ ಭಾರವಾಗದೆ ಇರದು.

ಹೆದ್ದಾರಿಯ ಪಕ್ಕ ನಿಂತು ಗೆಳೆಯ ತನ್ನ ಮನಸ್ಸಿನ ಗುಟ್ಟು ಬಿಚ್ಚಿದ. ಮಳೆ ಬಿದ್ದ ಮೇಲೆ ಈ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂ ಅರಳುತ್ತವೆ. ಕೇರಳದಿಂದ, ಬೆಂಗಳೂರಿನಿಂದ ಜನ ಕಾರು ನಿಲ್ಲಿಸಿ ಹೂವಿನ ನಡುವೆ ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿ ಒಂದು ತಳ್ಳುಗಾಡಿ, ಮೇಲೆ ಅಣ್ಣಾವ್ರ ಫೋಟೋ, ಸ್ಟೀಲ್ ಡಬ್ಬಿಯಲ್ಲಿ ಹುಳಿ-ಸಿಹಿ. ಕುಲುಕುವ ಸ್ಟೈಲು ಹೇಗೂ ಇದೆ. "ಬಾರ್ ಕೌಂಟರ್ ಬುಟ್ಟು ಬರೋದಾದ್ರ ಹಿಂಗೇ ಬರ್ಬೇಕು. ಗಾಡಿಗ ಇಪ್ಪತ್ತೈದು ಸಾವ್ರ ಆಯ್ತದ. ಹನ್ನೊಂದು ಕೂಡಿಟ್ಟಿವ್ನಿ" ಎಂದ. ಮನೆಯ ಸಾಲದ ಕಂತು ನಡುವೆ ಅಡ್ಡ ಬರದಿದ್ದರೆ ಸರಿ. ಅಪ್ಪ ಕಳೆದದ್ದು ಎತ್ತಿನ ಗಾಡಿ, ಮಗ ಕೂಡಿಡುತ್ತಿರುವುದು ತಳ್ಳುಗಾಡಿಗೆ.

ಈಗ ಬಂದ ಸುದ್ದಿ: ಬರುವ ಏಪ್ರಿಲ್ 24ರ ಸಂಜೆಯ ಪ್ರೋಗ್ರಾಂ ಏನೆಂದು ಉಡಿಗಾಲದ ಹುಡುಗರಲ್ಲಿ ಇನ್ನೂ ಜಗಳ ನಡೆಯುತ್ತಿದೆ. ಹಣ್ಣು ತಪ್ಪಿಹೋಗದಿರಲಿ ಎಂದು ಬೇಲದ ಮರವೊಂದನ್ನು ಮಾತ್ರ ಈಗಲೇ ಗೊತ್ತು ಮಾಡಿ ಇಟ್ಟಿದ್ದಾರೆ.